ಒಲೆ ಕಲಂ

ನಮ್ಮೂರಿಗೆ ಹೊರಗಿನವರು ತಾವಾಗಿಯೇ ಬಂದು ನೆಲೆಸುವ ಹಾಗಿಲ್ಲ. ಒಳಗಿರುವ ಯಾರಾದರೂ ಕರೆಯಬೇಕು. ಕರೆಯುವುದೆಂದರೆ ಬೇಲಿ ಹತ್ತಿರ ನಿಂತು ಕೂಗುವುದಲ್ಲ, ಕರೆ ಕಚೇರಿಗೆ ಅರ್ಜಿ ಹಾಕಬೇಕು. ಆ ಅರ್ಜಿ ಬರೆದುಕೊಡುವವಳು ನಾನು. ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಹೆಸರು ಚೂಡಾಮಣಿ, ಊರವರಿಗೆಲ್ಲ ಚೂಡಕ್ಕ. ಬಾಯಿ ಸ್ವಲ್ಪ ಜೋರು, ಅಕ್ಷರ ಮಾತ್ರ ಮುತ್ತು. ಹಾಗಂತ ಊರೇ ಹೇಳುತ್ತದೆ, ನಾನಾಗಿ ಹೇಳಿಕೊಳ್ಳುತ್ತಿಲ್ಲ.

ಜೊತೆಗಾರರನ್ನು ಕರೆಯುವ ಅರ್ಜಿಯಲ್ಲಿ ಮೂರು ಕಲಂ ಇವೆ. ತಾಳಿ ಕಲಂ ಮದುವೆಯಾದವರಿಗೆ. ಲಗ್ನಪತ್ರಿಕೆ, ಇಬ್ಬರು ಹಿರಿಯರ ರುಜು ಇದ್ದರೆ ಸಾಕು. ಒಲೆ ಕಲಂ ಮದುವೆಯ ಗೊಡವೆಗೆ ಹೋಗದೆ ಒಂದೇ ಸೂರಿನಡಿ, ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ಉಂಡವರಿಗೆ. ಅದಕ್ಕೆ ಹನ್ನೆರಡು ತಿಂಗಳ ಲೆಕ್ಕ, ಒಂದು ದಿನ ಕಡಿಮೆಯಾದರೂ ಅರ್ಜಿ ವಾಪಸು, ಸರಿಯಿದ್ದರೆ ಮೂರು ತಿಂಗಳಲ್ಲಿ ಒಪ್ಪಿಗೆ. ಇನ್ನು ದಾರಿ ಕಲಂ. ಮದುವೆಯಾಗಲೂ ಆಗದೆ, ಒಟ್ಟಿಗೆ ಇರಲೂ ಆಗದೆ, ಹಾಗಂತ ಒಬ್ಬರನ್ನೊಬ್ಬರು ಬಿಡಲೂ ಆಗದೆ ವರ್ಷಗಟ್ಟಲೆ ಬಂದು ಹೋಗಿ ಮಾಡಿದವರಿಗೆ ಅದು. ಅದರಲ್ಲಿ ಒಂದು ಹೆಚ್ಚಿನ ಅಂಕಣ ಇದೆ, 'ತಡೆ ಏನು?' ಅಂತ. ನಿಮ್ಮಿಬ್ಬರ ನಡುವೆ ಅಡ್ಡ ಬಂದದ್ದು ಏನು ಅಂತ ಬಿಡಿಸಿ ಬರೆಯಬೇಕು. ಬರೆದದ್ದನ್ನು ಏಳು ದಿನ ಕಚೇರಿಯ ಹಲಗೆಗೆ ಅಂಟಿಸುತ್ತಾರೆ, ದಿನಾ ಬೆಳಿಗ್ಗೆ ಗಂಟೆ ಹೊಡೆದು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮೂರು ವರ್ಷ ಕಾಯಬೇಕು.

ಇಷ್ಟೇ ಆಗಿದ್ದರೆ ಎಲ್ಲ ಊರಿನ ಕಚೇರಿಯಂತೆ ನಮ್ಮದೂ ಒಂದು. ಆದರೆ ನಮ್ಮಲ್ಲಿ ಬರುವವರು ಬರೆದಷ್ಟೇ ಬರುತ್ತಾರೆ. ನಮ್ಮ ಅಂಚೆ ಮೇಷ್ಟ್ರನ್ನೇ ತಗೊಳ್ಳಿ. ಅವರೂ ಅವರ ಹೆಂಡತಿಯೂ ಚಿಕ್ಕಂದಿನಿಂದ ಚೌಕಾಬಾರದ ಜೋಡಿ, ಆಟದಲ್ಲಿ ಜುಟ್ಟು ಜುಟ್ಟು ಹಿಡಿದುಕೊಂಡವರು. ಮೇಷ್ಟ್ರು ತಾಳಿ ಕಲಮಿನಲ್ಲಿ ಕರೆದರು. ಆಯಮ್ಮ ಬಂದಳು, ಮನೆ ಕನ್ನಡಿಯಂತೆ ಇಟ್ಟಳು, ಒಂದು ಹಬ್ಬವನ್ನೂ ತಪ್ಪಿಸುವವಳಲ್ಲ. ಚೌಕಾಬಾರದ ಮಣೆ ಹಾಸಿದರೆ ಮಾತ್ರ, "ಇದೇನ್ರೀ, ಮಕ್ಕಳಾಟ" ಅಂತ ಎದ್ದು ಹೋಗುತ್ತಾಳೆ. ಈಗ ಮೇಷ್ಟ್ರು ಎರಡೂ ಕಡೆಯ ಕಾಯಿ ತಾವೇ ನಡೆಸುತ್ತಾರೆ, ತಮಗೆ ತಾವೇ ಮೋಸವನ್ನೂ ಮಾಡಿಕೊಳ್ಳುತ್ತಾರೆ. ಹಿಟ್ಟಿನ ಗಿರಣಿಯವಳು ತನ್ನವನನ್ನು ಒಲೆ ಕಲಮಿನಲ್ಲಿ ಕರೆದಳು. ಅಡಿಗೆಮನೆಯಲ್ಲಿ ಅವನೇ ರಾಜ. ಜಗುಲಿಗೆ ಬಂದರೆ ಅತಿಥಿಯ ಹಾಗೆ ನಿಂತೇ ಇರುತ್ತಾನೆ, ಕೂತ್ಕೋ ಅಂತ ಹೇಳಬೇಕು. ದಾರಿ ಕಲಮಿನವರು ಊರಿಗೆಲ್ಲ ಒಂದೇ ಜೋಡಿ, ಇಬ್ಬರಿಗೂ ಎಪ್ಪತ್ತು ದಾಟಿದೆ. ಅಜ್ಜ ಕರಿಬೇವು ತರಲು ಮೂಲೆ ಅಂಗಡಿಗೆ ಹೋದರೆ ಅಜ್ಜಿ ಬಾಗಿಲಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿರುತ್ತಾರೆ. ಅವರು ಕಂಡ ಕೂಡಲೇ, "ಬಂದ್ರಾ?" ಅಂತ ಏಳು ಸಮುದ್ರ ದಾಟಿ ಬಂದವರನ್ನು ಕೇಳಿದ ಹಾಗೆ ಕೇಳುತ್ತಾರೆ. ನೋಡಿದಾಗಲೆಲ್ಲ ನಾನು ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದೆ.

ಬರೆಯದೆ ಉಳಿದದ್ದು ಎಲ್ಲಿ ಹೋಗುತ್ತದೆ ಅಂದರೆ, ಎಲ್ಲಿಗೂ ಹೋಗುವುದಿಲ್ಲ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಗೇಟಿನ ಆಚೆಯೇ ಇರುತ್ತದೆ. ಯಾರಾದರೂ ವಾಪಸು ಹೋದರೆ ಹೊಸಿಲು ದಾಟಿದ ಕ್ಷಣ ಎಲ್ಲವನ್ನೂ ಮೆಟ್ಟಿಕೊಳ್ಳುತ್ತಾರೆ. ಇದಕ್ಕೆಂದು ಊರಲ್ಲಿ ಯಾರೂ ತಲೆ ಮೇಲೆ ಕೈ ಹೊತ್ತು ಕೂತಿಲ್ಲ, ಬಂದಷ್ಟಕ್ಕೆ ಹೊಂದಿಕೊಂಡಿದ್ದಾರೆ. ಕಲಂ ಆರಿಸಲು ತೋಚದೆ ಬಂದವರಿಗೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಯಾವುದು ಇಲ್ಲದೆ ಹೋದ್ರೆ ನಿಮಗೆ ಗಂಟಲಲ್ಲಿ ಅನ್ನ ಇಳಿಯಲ್ಲ? ಅದನ್ನ ಬರೀರಿ. ಯಾವುದಕ್ಕೆ ಸಾಕ್ಷಿ ಸುಲಭವಾಗಿ ಸಿಗುತ್ತೆ ಅಂತ ಮಾತ್ರ ನೋಡ್ಬೇಡಿ." ಎಷ್ಟು ಜನ ಈ ಮಾತು ಕೇಳಿ ಕೈ ಮುಗಿದು ಹೋಗಿದ್ದಾರೆ! ನನಗೂ ಆಗ ಬಹಳ ಹೆಮ್ಮೆ.

ಈಗ ನನ್ನ ಮನೆ ವಿಷಯಕ್ಕೆ ಬರುತ್ತೇನೆ. ಹದಿನೈದು ವರ್ಷದ ಹಿಂದೆ ನನ್ನ ಗಂಡ ಹೊರಗೆ ಕೆಲಸಕ್ಕೆ ಅಂತ ಹೋದ. ಆರು ತಿಂಗಳಿಗೆ ಒಂದು ಕಾಗದ ಬಂತು, ಅದರಲ್ಲಿ ನಾಲ್ಕೇ ಸಾಲು, ನನಗಾಗಿ ಕಾಯಬೇಡ ಅಂತ. ಆ ಕಾಗದವನ್ನು ಒಲೆಗೆ ಹಾಕಿದೆ. ಊರಿಗೆ ಹೇಳಿದ್ದು ಬೇರೆ. ಅವರಿಗೆ ಅಲ್ಲಿ ಒಳ್ಳೆ ಕೆಲಸ, ಬಿಟ್ಟು ಬರೋಕೆ ಬಿಡುವಿಲ್ಲ, ಆದರೆ ಹಬ್ಬಕ್ಕೆ ಸೀರೆ ಕಳಿಸೋದು ಮರೆಯಲ್ಲ ಅಂತ. ಪಕ್ಕದ ಮನೆಯ ರಂಗನಾಯಕಮ್ಮನಿಗೆ ಸೀರೆ ಅಂಗಡಿ. ಅವಳ ಅಂಗಡಿಯಲ್ಲೇ ಯಾರಿಗೋ ಕೊಡೋದಿದೆ ಅಂತ ಸೀರೆ ತಗೊಳ್ಳುವುದು, ಮಡಿಕೆ ಬಿಚ್ಚಿ ಬೇರೆ ಮಡಿಕೆ ಮಾಡುವುದು, ಹಬ್ಬದ ದಿನ ಉಟ್ಟುಕೊಂಡು ಅವಳ ಮುಂದೆಯೇ ಓಡಾಡುವುದು. "ಚೆನ್ನಾಗಿದೆ ಕಣೇ ಚೂಡಾಮಣಿ, ಯಜಮಾನ್ರು ಕಳಿಸಿದ್ದಾ?" ಅಂತ ಅವಳು ಕೇಳುವಳು. "ಹೂಂ, ಬೇಡ ಅಂದ್ರೂ ಕೇಳಲ್ಲ" ಅಂತ ನಾನು. ಥೂ, ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೆಂಪರಾಜು ಕಂಡದ್ದು ಹನ್ನೆರಡು ವರ್ಷದ ಹಿಂದೆ, ಗೇಟಿನ ಪಕ್ಕದ ಸಾಮಾನು ಕಿಟಕಿಯಲ್ಲಿ. ಮನುಷ್ಯರು ಬರುವಂತಿಲ್ಲದಿದ್ದರೂ ಸಾಮಾನು ಅದರ ಮೂಲಕ ಹೋಗಿ ಬರುತ್ತದೆ. ಅವನು ಹೊರಗಿನವನು, ಹರಿದ ಬೆತ್ತದ ಕುರ್ಚಿಗಳಿಗೆ ಹೊಸದಾಗಿ ಹಾಸು ಹೆಣೆಯುವವನು. ಕಚೇರಿಯ ಕುರ್ಚಿಗಳೆಲ್ಲ ಅವನ ಕೈಗೇ ಹೋಗುತ್ತಿದ್ದವು. ಕುರ್ಚಿ ಕಳಿಸುವ ಚೀಟಿ ಬರೆಯುವವಳು ನಾನು, ಮಂಗಳವಾರ ಅದನ್ನು ಕಿಟಕಿಯಲ್ಲಿ ಕೊಡುವವಳೂ ನಾನು. ಮೊದಲ ಸಲ ಅವನು ಕುರ್ಚಿಯ ಕಾಲುಗಳ ನಡುವಿನಿಂದ ಮುಖ ತೂರಿಸಿ, "ಇದರ ಮೇಲೆ ಕೂರೋರು ಯಾರು? ಎಡಗಡೆನೇ ಸವೆದಿದೆ, ಯಾವಾಗ್ಲೂ ಯಾರಿಗೋ ಕಾಯ್ತಾ ಒಂದೇ ಕಡೆ ವಾಲಿಕೊಂಡು ಕೂರ್ತಾರೆ ಅಂತ ಕಾಣುತ್ತೆ" ಅಂದ. ಅದು ನನ್ನ ಕುರ್ಚಿ. ನನಗೆ ಮೈಯೆಲ್ಲ ಉರಿದು ಹೋಯಿತು. ಎರಡನೇ ಮಂಗಳವಾರ ಜಗಳಾಡಿದೆ. ಮೂರನೆಯದಕ್ಕೆ ಹೊಸ ಕುಪ್ಪಸ ಹಾಕಿಕೊಂಡು ಹೋದೆ.

ಕುರ್ಚಿ ಒಂದು ವಾರದಲ್ಲಿ ಸಿದ್ಧವಾಗಿ ಬಂದರೆ ಮುಂದಿನ ಮಂಗಳವಾರಕ್ಕೆ ಏನು ನೆಪ? ಅದಕ್ಕೆ ಅವನೊಂದು ಉಪಾಯ ಮಾಡಿದ. ಹಾಸಿನ ಅಡಿಯಲ್ಲಿ, ಮೂಲೆಯಲ್ಲಿ, ಒಂದೇ ಒಂದು ಎಳೆಯನ್ನು ಗಂಟು ಹಾಕದೆ ಸಡಿಲ ಬಿಡುತ್ತಿದ್ದ. ನಾನು ಕೈ ಹಾಕಿ ಆ ಎಳೆ ಸಿಕ್ಕಿದ ಕೂಡಲೇ, 'ಹಾಸು ಸಡಿಲ, ಮತ್ತೆ ಕಳಿಸಿದೆ' ಅಂತ ಚೀಟಿ ಬರೆಯುತ್ತಿದ್ದೆ. ಹನ್ನೊಂದು ವರ್ಷ ಆ ಕಚೇರಿಯ ಕುರ್ಚಿಗಳು ಒಂದೂ ಪೂರ್ತಿ ರಿಪೇರಿ ಆಗಲಿಲ್ಲ ಅಂದರೆ ನೀವು ನಂಬಬೇಕು. ಕಚೇರಿಯ ಮೊಹರು ಹಾಕುವ ಇನಾಯತ್ ಸಾಹೇಬರು ಒಮ್ಮೆ, "ಏನು ಹೆಣೀತಾನಮ್ಮ ಇವನು, ಬೇರೆಯವರನ್ನ ನೋಡೋಣ" ಅಂದಾಗ, ಆ ಸೀಮೆಯಲ್ಲೇ ಅವನಂಥ ಕೆಲಸಗಾರ ಇಲ್ಲ ಅಂತ ಅರ್ಧ ಗಂಟೆ ವಾದ ಮಾಡಿದ್ದೆ. ಅವರು ಮೀಸೆಯಡಿಯಲ್ಲಿ ನಕ್ಕರು.

ನಾವಿಬ್ಬರೂ ಒಂದು ಸೂರಿನಡಿ ಇದ್ದದ್ದು ಏಳು ತಿಂಗಳು. ಹೊರಗಿದ್ದ ನನ್ನ ಸೋದರತ್ತೆ ಹಾಸಿಗೆ ಹಿಡಿದಾಗ ರಜೆ ಬರೆದು ಅವಳ ಸೇವೆಗೆ ಹೋಗಿದ್ದೆ. ಅವನು ಅತ್ತೆ ಮನೆಯ ಹಿಂಭಾಗಕ್ಕೆ ಬಾಡಿಗೆಗೆ ಬಂದ. ಒಲೆ ಒಂದೇ. ನಾನು ಅನ್ನಕ್ಕಿಟ್ಟರೆ ಅವನು ಸಾರು ಕುದಿಸುತ್ತಿದ್ದ. ಸುಖವಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಅತ್ತೆಯ ನರಳಾಟ, ಔಷಧಿ, ಬಟ್ಟೆ ಒಗೆಯುವುದರಲ್ಲಿ ನಮ್ಮಿಬ್ಬರಿಗೆ ಮುಖ ನೋಡಿಕೊಳ್ಳಲು ಪುರುಸೊತ್ತು ಇರುತ್ತಿರಲಿಲ್ಲ. ಆ ಕಿಟಕಿಯಲ್ಲಿ ಆಡಿದಷ್ಟು ಮಾತು ಆ ಮನೆಯಲ್ಲಿ ಆಡಲಿಲ್ಲ. ಅತ್ತೆ ತೀರಿಕೊಂಡಳು, ನಾನು ವಾಪಸು ಬಂದೆ, ಮತ್ತೆ ಮಂಗಳವಾರಗಳು ಶುರುವಾದವು.

ಹೋದ ವರ್ಷ ಅವನೇ ಬಾಯಿ ಬಿಟ್ಟ. "ಚೂಡಾ, ನಂಗೂ ಐವತ್ತಾಯ್ತು. ಕುರ್ಚಿ ಅಡಿಯಿಂದ ಎಷ್ಟು ದಿನ ಮಾತಾಡೋದು? ಕರ್ಕೊಂಡ್ಬಿಡು."

"ಯಾವ ಕಲಂ ಅಂತ ಬರೀಲಿ ರಾಜೂ?"

"ಇದೊಳ್ಳೆ ಕತೆ. ಊರಿಗೆಲ್ಲ ಬುದ್ಧಿ ಹೇಳೋಳು ನೀನು. ದಾರಿ ಕಲಂ ಅಂತ ಬರಿ. ಮೂರು ವರ್ಷ ತಾನೇ, ಕಾಯ್ತೀನಿ. ನಾನೇನು ಕಾಯೋಕೆ ಹೊಸಬನಾ?"

ಆಯ್ತು ಅಂದೆ. ಮನೆಗೆ ಬಂದು ಕಾಗದ ತೆಗೆದು ಕೂತೆ. ಹೆಸರು, ಊರು, ಕಸುಬು ಎಲ್ಲ ತುಂಬಿದೆ. 'ತಡೆ ಏನು?' ಎಂಬ ಅಂಕಣಕ್ಕೆ ಬಂದೆ, ಕೈ ನಿಂತಿತು. ಬರೆಯಬೇಕಾದದ್ದು ಒಂದೇ ಸಾಲು. 'ನನ್ನ ಗಂಡ ಹದಿನಾಲ್ಕು ವರ್ಷದ ಹಿಂದೆ ನನ್ನನ್ನು ಬಿಟ್ಟು ಹೋದ, ಕಟ್ಟಿದ ತಾಳಿ ಇನ್ನೂ ರಿಜಿಸ್ಟರಿನಲ್ಲಿದೆ, ಆದ್ದರಿಂದ ಮರುಮದುವೆ ಆಗಲಿಲ್ಲ.' ಅದನ್ನು ಏಳು ಬೆಳಿಗ್ಗೆ ಗಂಟೆ ಹೊಡೆದು ಓದುತ್ತಾರೆ. ರಂಗನಾಯಕಮ್ಮ ಅಂಗಡಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಹಾಗಾದರೆ ಆ ಸೀರೆಗಳು? ಆ 'ಬೇಡ ಅಂದ್ರೂ ಕೇಳಲ್ಲ' ಅನ್ನುವುದು? ಎರಡು ದಿನ ಆ ಕಾಗದವನ್ನು ಮುಟ್ಟಲಿಲ್ಲ.

ಮೂರನೆಯ ದಿನ ತೆಗೆದು ಹರಿದೆ, ಹೊಸ ಕಾಗದದಲ್ಲಿ ಒಲೆ ಕಲಂ ಅಂತ ಬರೆದೆ. ಅದರಲ್ಲಿ ತಡೆ ಕೇಳುವುದಿಲ್ಲ, ಯಾವ ಪಾತ್ರೆಯಲ್ಲಿ ಯಾರ ಅನ್ನ ಬೆಂದಿತು ಅಂತಷ್ಟೇ ಕೇಳುತ್ತಾರೆ. ಏಳು ತಿಂಗಳನ್ನು ಹನ್ನೆರಡು ಮಾಡುವುದು ನನಗೆ ಎಡಗೈ ಕೆಲಸ. ಅತ್ತೆ ಮನೆಗೆ ಸೌದೆ ಹಾಕುತ್ತಿದ್ದವನಿಂದ ಚೀಟಿ ತರಿಸಿದೆ, ಪಕ್ಕದ ಮನೆಯ ಮುದುಕಿಯ ಹೇಳಿಕೆ ತರಿಸಿದೆ. ಮೂರು ತಿಂಗಳಲ್ಲಿ ಮನುಷ್ಯ ಮನೆಯಲ್ಲಿರುತ್ತಾನೆ, ಮೂರು ವರ್ಷ ಯಾಕೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟಕ್ಕೂ ನನ್ನವನು ಎಲ್ಲರಂತಲ್ಲ, ಹನ್ನೊಂದು ವರ್ಷ ಎಲ್ಲಿ ಬಿಟ್ಟು ಬರುತ್ತಾನೆ, ಹೇಗಾದರೂ ನುಸುಳಿಸಿಕೊಂಡು ಬರುತ್ತಾನೆ ಅಂತಲೂ ಅಂದುಕೊಂಡೆ. ಇದೇ ಮಾತನ್ನು ಬೇರೆಯವರು ನನ್ನ ಮೇಜಿನ ಮುಂದೆ ಆಡಿದ್ದರೆ ಅವರಿಗೆ ಛೀಮಾರಿ ಹಾಕಿ ಕಳಿಸುತ್ತಿದ್ದೆ.

ಇನಾಯತ್ ಸಾಹೇಬರು ಮೊಹರು ಹಾಕುವ ಮುನ್ನ ಮೂರು ಸಲ ಕೇಳಬೇಕು, ಅದು ಪದ್ಧತಿ. ಎರಡು ಸಲ ಪದ್ಧತಿಯಂತೆ ಕೇಳಿದರು. ಮೂರನೆಯ ಸಲ ಕನ್ನಡಕ ತೆಗೆದಿಟ್ಟು, "ಚೂಡಮ್ಮ, ಇದು ಒಲೆ ಕಲಮಿನ ಅರ್ಜಿನಾ? ನಾನು ಆ ಕಿಟಕಿ ಎದುರೇ ಕೂರೋನು ತಾಯಿ" ಅಂದರು.

"ಹೌದು ಸಾಹೇಬ್ರೇ. ಚೀಟಿ ಎಲ್ಲ ಸರಿಯಾಗಿದೆಯಲ್ಲ, ಹಾಕಿ ಮೊಹರು" ಅಂದೆ, ಸ್ವಲ್ಪ ಬಿರುಸಾಗಿಯೇ. ಅವರು ಮೊಹರು ಒತ್ತಿದರು.

ಕೆಂಪರಾಜುವಿಗೆ ನಾನು ಇದನ್ನು ಹೇಳಲಿಲ್ಲ. ಮೂರು ತಿಂಗಳಿಗೇ ಒಪ್ಪಿಗೆ ಬಂದಾಗ, "ಅರೆ, ಇಷ್ಟು ಬೇಗ?" ಅಂತ ಕಿಟಕಿಯಾಚೆ ಅವನು ಕುಣಿದಾಡಿದ. "ನನ್ನ ಕೈಬರಹಕ್ಕೆ ಅಷ್ಟು ಬೆಲೆ ಇದೆ" ಅಂತ ಜಂಬ ಕೊಚ್ಚಿದೆ. ಅದು ನಮ್ಮ ಕೊನೆಯ ಮಂಗಳವಾರ.

ಅವನು ಬರುವ ದಿನ ಗೇಟಿನ ಹತ್ತಿರ ಹೂ ಮುಡಿದು ನಿಂತಿದ್ದೆ. ಹೆಗಲ ಮೇಲೆ ಬೆತ್ತದ ಕಟ್ಟು, ಕೈಯಲ್ಲಿ ಒಂದು ಟ್ರಂಕು. ಹೊಸಿಲು ದಾಟುವ ತನಕ ಅವನ ಕಣ್ಣು ನನ್ನ ಮೇಲೇ ಇತ್ತು. ದಾಟಿದ ಮೇಲೂ ನನ್ನ ಮೇಲೇ ಇತ್ತು, ಆದರೆ ನೋಟ ಬೇರೆಯಾಗಿತ್ತು. ಒಳ್ಳೆ ಮನೆಯವರನ್ನು ಗೌರವದಿಂದ ನೋಡುವ ಹಾಗೆ ನೋಡಿ, "ಚೂಡಕ್ಕ, ಚೆನ್ನಾಗಿದ್ದೀರಾ? ಬರೋದು ತಡ ಆಯ್ತಾ? ಒಲೆ ಹಚ್ಚೋ ಹೊತ್ತಾಯ್ತಲ್ಲ" ಅಂದ. ಅಕ್ಕ ಅಂದ! ಮುಡಿದ ಹೂವನ್ನು ದಾರಿಯಲ್ಲೇ ತೆಗೆದು ಮುದುರಿ ಕೈಯಲ್ಲಿ ಇಟ್ಟುಕೊಂಡೆ.

ಅವನ ಮೇಲೆ ಒಂದೂ ದೂರು ಹೇಳುವ ಹಾಗಿಲ್ಲ. ಬೆಳಿಗ್ಗೆ ಎದ್ದು ಒಲೆ ಸಾರಿಸುತ್ತಿದ್ದ, ಕಾಫಿ ಕೈಗೆ ಕೊಡುತ್ತಿದ್ದ, ನನಗೆ ಬೇಯಿಸಿದ ಹಲಸಿನ ಬೀಜ ಇಷ್ಟ ಎಂಬುದು ಅವನಿಗೆ ನೆನಪಿತ್ತು. ಅತ್ತೆ ಮನೆಯಲ್ಲಿ ಬೇಯಿಸಿ ತಿಂದದ್ದಲ್ಲವೇ. ನಾನು ತಿಂದು ಮುಗಿಸುವ ತನಕ ಎದುರಿಗೆ ಕೂತು, "ಉಪ್ಪು ಸರಿಯಾಗಿದೆಯಾ ಚೂಡಕ್ಕ?" ಅಂತ ಕೇಳುತ್ತಿದ್ದ. ಪಾತ್ರೆ ತೊಳೆದ ಮೇಲೆ ಅಡಿಗೆಮನೆಯ ಮೂಲೆಯಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ. ಒಂದು ದಿನ ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಕಿಟಕಿ, ಎಡಗಡೆ ಸವೆದ ಕುರ್ಚಿ, ಜಗಳ, ಸಡಿಲ ಎಳೆ, ಹನ್ನೊಂದು ವರ್ಷ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತೂಬಿಟ್ಟೆ. ಅವನು ಬೇರೆ ಯಾರದೋ ಕತೆ ಕೇಳಿದ ಹಾಗೆ ಗಲ್ಲಕ್ಕೆ ಕೈ ಕೊಟ್ಟು ಕೇಳಿ, "ಪಾಪ, ಒಳ್ಳೆ ಮನುಷ್ಯ ಅಂತ ಕಾಣುತ್ತೆ. ಈಗ ಎಲ್ಲಿದ್ದಾನೆ?" ಅಂತ ಕೇಳಿದ. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ.

ಮುಂದಿನ ವಾರ ನಾನು ಮೇಜಿನ ಕುರ್ಚಿಯನ್ನು ಬೇಕಂತಲೇ ಮನೆಗೆ ತಂದೆ. "ಹಾಸು ಹರಿದಿದೆ, ಹೆಣೆದುಕೊಡು" ಅಂದೆ. ಕೈ ಕಸುಬು ಕೈಯಲ್ಲೇ ಇತ್ತು, ಹಿತ್ತಿಲಲ್ಲಿ ಕೂತು ಎರಡು ದಿನದಲ್ಲಿ ಮುಗಿಸಿದ. ಅವನು ನೀರಿಗೆ ಹೋದಾಗ ನಾನು ಕುರ್ಚಿ ಬೋರಲು ಹಾಕಿ ಮೂಲೆಗೆ ಬೆರಳು ಹಾಕಿ ಹುಡುಕಿದೆ. ನಾಲ್ಕೂ ಮೂಲೆ ಹುಡುಕಿದೆ. ಒಂದೊಂದು ಎಳೆಯೂ ಗಂಟು ಬಿಗಿದು ಕೂತಿತ್ತು. ಎಂಥ ಅಚ್ಚುಕಟ್ಟಾದ ಕೆಲಸ ಅಂತೀರಿ! ಇಷ್ಟು ಚೆನ್ನಾಗಿ ಹೆಣೆಯಲು ಬರುತ್ತಿದ್ದವನು ನನಗೋಸ್ಕರ ಹನ್ನೊಂದು ವರ್ಷ ಕೆಟ್ಟ ಕೆಲಸಗಾರ ಅನ್ನಿಸಿಕೊಂಡಿದ್ದ. ಆ ಕುರ್ಚಿಯ ಕಾಲು ಹಿಡಿದುಕೊಂಡು ಹಿತ್ತಿಲಲ್ಲೇ ಅಳುತ್ತಾ ಕೂತೆ.

ನಾನು ಬಿಕ್ಕುವುದು ಗೋಡೆಯಾಚೆ ರಂಗನಾಯಕಮ್ಮನಿಗೆ ಕೇಳಿಸಿತು. ಬಂದಳು. ಅವಳ ಮುಂದೆ ಮುಚ್ಚಿಡುವ ಶಕ್ತಿ ನನಗೆ ಇರಲಿಲ್ಲ, ಯಾಕೆ ಒಲೆ ಕಲಂ ಬರೆದೆ ಅಂತ ಎಲ್ಲ ಒದರಿಬಿಟ್ಟೆ. ಅವಳು ಬಾಯಿ ಮೇಲೆ ಬೆರಳಿಟ್ಟುಕೊಂಡಳು. "ಅಯ್ಯೋ ಹುಚ್ಚೀ! ನನ್ನ ಅಂಗಡಿ ಸೀರೆ ನನಗೆ ಗುರುತು ಸಿಗಲ್ವೇನೇ? ನಿನ್ನ ಗಂಡ ಬರಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ನೀನು ನೊಂದ್ಕೋತೀಯಾ ಅಂತ ಎಲ್ಲರೂ ಹೂಂ ಹೂಂ ಅಂತಿದ್ವಿ. ಹಬ್ಬಕ್ಕೆ ನೀನು ಬರ್ತೀಯಾ ಅಂತ ನಿನಗೊಪ್ಪೋ ಬಣ್ಣ ಒಂದು ಎತ್ತಿಡ್ತಿದ್ದೆ ಕಣೇ."

ಯಾರಿಂದ ಮುಚ್ಚಿಡಬೇಕು ಅಂತ ನಾನು ಅವನ ಹನ್ನೊಂದು ವರ್ಷವನ್ನು ಗೇಟಿನಾಚೆ ಬಿಡಿಸಿದೆನೋ ಅವರೆಲ್ಲ ಆ ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಮಾನ ಕಾಯುತ್ತಿದ್ದರು. ಆ ಅಂಕಣದಲ್ಲಿ ಬರೆದಿದ್ದರೆ ಯಾರೂ ನಗುತ್ತಿರಲಿಲ್ಲ. ಏಳು ಬೆಳಿಗ್ಗೆ ಗಂಟೆ ಹೊಡೆದು ಓದುತ್ತಿದ್ದರು, ಎಂಟನೆಯ ದಿನ ಜನ ಬದನೆಕಾಯಿ ಕೊಳ್ಳಲು ಹೋಗುತ್ತಿದ್ದರು, ಅಷ್ಟೇ.

ಕಲಂ ತಿದ್ದಿಸಲು ಆಗುತ್ತದೋ ಅಂತ ಇನಾಯತ್ ಸಾಹೇಬರನ್ನು ಕೇಳಿದೆ. ನನಗೆ ಗೊತ್ತಿಲ್ಲದ ಕಾನೂನೇ? ಆದರೂ ಕೇಳಿದೆ. ಮೊಹರು ಬಿದ್ದ ಕಲಂ ತಿದ್ದುವಂತಿಲ್ಲ. ಕರೆದವರು ಕರೆಯನ್ನು ಹಿಂದಕ್ಕೆ ಪಡೆಯಬಹುದು, ಬಂದವರು ಮೊದಲಿದ್ದ ಹಾಗೆ ಪೂರ್ತಿ ಮನುಷ್ಯರಾಗಿ ಹೊರಗೆ ಹೋಗಬಹುದು. ಆದರೆ ಒಮ್ಮೆ ಹೊಡೆದು ಹಾಕಿದ ಹೆಸರನ್ನು ಮತ್ತೆ ಯಾವ ಕಲಮಿನಲ್ಲೂ ಕರೆಯುವಂತಿಲ್ಲ. "ಅಡಿಗೆ ಮಾಡಿ ಹಾಕ್ತಾನೆ, ಒಳ್ಳೆಯವನು, ಇರಲಿ ಬಿಡಮ್ಮ. ಊರಲ್ಲಿ ಎಲ್ಲರೂ ಹಾಗೇ ಅಲ್ವಾ ಇರೋದು" ಅಂದರು ಸಾಹೇಬರು. ನಾನೂ ಹಾಗೇ ಅಂದುಕೊಂಡೆ. ಇರಲಿ. ಕಣ್ಣೆದುರಿಗಾದರೂ ಇರುತ್ತಾನೆ.

ಇಟ್ಟುಕೊಳ್ಳುತ್ತಲೂ ಇದ್ದೆ, ಮಂಗಳವಾರಗಳು ಇಲ್ಲದಿದ್ದರೆ. ಮಂಗಳವಾರ ಬಂತೆಂದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುವನು. ಬೆಳಿಗ್ಗೆಯೇ ಒಗೆದ ಅಂಗಿ ಹಾಕಿಕೊಂಡು ಬಾಗಿಲಿಗೂ ಒಲೆಗೂ ತಿರುಗಾಡುವನು. ಕೊನೆಗೆ ಸಾಮಾನು ಕಿಟಕಿಯ ಹತ್ತಿರ ಹೋಗಿ ಒಳಗಿನಿಂದ ಹೊರಗಡೆಗೆ ನೋಡುತ್ತಾ ನಿಂತುಬಿಡುವನು. ನಾನು ಹೊಂಗೆ ಮರದ ಕೆಳಗೆ ಅವನಿಗೆ ಬೆನ್ನಾಗಿ ಕೂತು ಬೇರೆಯವರ ಅರ್ಜಿ ಬರೆಯುತ್ತಿದ್ದೆ. ತಿರುಗಿ ನೋಡಿದರೆ ನನ್ನ ಕೈಯಲ್ಲಿ ಅಕ್ಷರ ಮೂಡುತ್ತಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಂದು ಮಂಗಳವಾರ ಅವನು ಕಿಟಕಿಯಿಂದ ನೇರವಾಗಿ ನನ್ನ ಮೇಜಿಗೆ ಬಂದ. ಎಲ್ಲರಂತೆ ಎದುರಿನ ಸ್ಟೂಲಿನ ಮೇಲೆ ಕೂತ. ಸಂಕೋಚದಿಂದ ತಲೆ ಕೆರೆದುಕೊಂಡು, "ಚೂಡಕ್ಕ, ತಪ್ಪು ತಿಳ್ಕೋಬೇಡಿ. ನನಗೊಂದು ಅರ್ಜಿ ಬರ್ಕೊಡ್ತೀರಾ?" ಅಂದ.

"ಏನಂತ?"

"ವಾಪಸು ಹೋಗೋಕೆ. ನಿಮ್ಮ ಮನೇಲಿ ನನಗೆ ಒಂದೂ ಕೊರತೆ ಇಲ್ಲ, ಸತ್ಯವಾಗಿ ಹೇಳ್ತೀನಿ. ಆದ್ರೆ ಮಂಗಳವಾರ ಬಂತಂದ್ರೆ ಕಾಲು ತಾನಾಗೇ ಆ ಕಿಟಕಿ ಹತ್ರ ಹೋಗುತ್ತೆ. ಆಚೆ ಯಾರೋ ನನಗೆ ಕಾಯ್ತಿದಾರೆ ಅಕ್ಕ. ಹೆಂಗಸು ಅಂತ ಕಾಣುತ್ತೆ. ಮುಖ ನೆನಪಾಗ್ತಿಲ್ಲ. ಪಾಪ, ಎಷ್ಟು ದಿನದಿಂದ ನಿಂತಿದಾಳೋ ಏನೋ. ನಾನು ಹೀಗೆ ಇಲ್ಲಿ ಉಂಡು ಮಲಗಿದ್ರೆ ಆಯಮ್ಮನ ಗತಿ?"

ಆಯಮ್ಮ ಅವನ ಎದುರಿಗೇ ಪೆನ್ನು ಹಿಡಿದು ಕೂತಿದ್ದಳು. ನಾನೇ ಕಣೋ ಅವಳು ಅಂತ ಕೂಗಬೇಕು ಅನ್ನಿಸಿತು. ಕೂಗಿದ್ದರೆ, 'ಪಾಪ' ಅಂತ ಇನ್ನೊಮ್ಮೆ ಹೇಳಿ ನನಗೆ ಕಾಫಿ ಮಾಡಿ ತರುತ್ತಿದ್ದ. ಅವನ ಆ ಸಂಕಟವನ್ನು ಹಾಗೇ ಬಿಟ್ಟು ಅವನ ಕೈಯಡಿಗೆ ಉಣ್ಣುತ್ತಾ ಕೂತರೆ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಅಂತ ಆಗ ಗೊತ್ತಾಯಿತು. ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಗೆ ನನ್ನ ಉತ್ತರ ಬರಲು ಇಷ್ಟು ದಿನ ಬೇಕಾಯಿತು. ಕಾಗದ ತೆಗೆದುಕೊಂಡೆ. 'ಮೇಲ್ಕಂಡ ವ್ಯಕ್ತಿಯನ್ನು ಕರೆದ ನಾನು, ನನ್ನ ಕರೆಯನ್ನು ಸ್ವಂತ ಬುದ್ಧಿಯಿಂದ ಹಿಂದಕ್ಕೆ ಪಡೆದಿರುತ್ತೇನೆ.' ಅವನು ಬಗ್ಗಿ ನೋಡಿ, "ಏನ್ ಅಕ್ಷರ ಅಕ್ಕ, ಮುತ್ತು" ಅಂದ.

ಮೊಹರು ಹಾಕುವಾಗ ಇನಾಯತ್ ಸಾಹೇಬರು ಮೂರು ಸಲ ಕೇಳಿದರು. ಮೂರು ಸಲವೂ ತಲೆ ಆಡಿಸಿದೆ.

ಮಾರನೆಯ ಬೆಳಿಗ್ಗೆ ಗೇಟಿನವರೆಗೆ ಅವನ ಜೊತೆ ಹೋದೆ. ಹಲಸಿನ ಬೀಜ ಬೇಯಿಸಿ ಡಬ್ಬಿಗೆ ಹಾಕಿಕೊಟ್ಟಿದ್ದ, ನನಗೆ ಮಧ್ಯಾಹ್ನಕ್ಕೆ ಆಗಲಿ ಅಂತ. "ಬರ್ತೀನಿ ಚೂಡಕ್ಕ, ಒಲೆ ಬೂದಿ ತೆಗೆದಿಟ್ಟಿದ್ದೀನಿ" ಅಂತ ಕೈ ಮುಗಿದು ಹೊಸಿಲು ದಾಟಿದ. ಎರಡು ಹೆಜ್ಜೆ ನಡೆದವನು ಗಕ್ಕನೆ ನಿಂತ. ಬೆತ್ತದ ಕಟ್ಟು ಹೆಗಲಿಂದ ಜಾರಿ ಕೆಳಗೆ ಬಿತ್ತು. ತಿರುಗಿದ. ಆ ಮುಖ, ಕುರ್ಚಿಯ ಕಾಲುಗಳ ನಡುವಿನಿಂದ ಹನ್ನೊಂದು ವರ್ಷ ನೋಡಿದ ಮುಖ.

"ಚೂಡಾ" ಅಂದ. ಗೇಟಿನ ಸರಳು ಹಿಡಿದುಕೊಂಡ. ನನ್ನನ್ನೂ, ನನ್ನ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿದ. ನಾಲ್ಕು ತಿಂಗಳು ಒಂದೊಂದಾಗಿ ಅವನಿಗೆ ಅರ್ಥವಾಗುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. "ಏನಂತ ಬರೆದಿದ್ದೆ?"

"ಒಲೆ ಕಲಂ."

"ದಾರಿ ಅಂತ ಹೇಳಿದ್ನಲ್ಲ. ಕಾಯ್ತೀನಿ ಅಂದಿದ್ನಲ್ಲ."

"ತಡೆ ಏನು ಅಂತ ಕೇಳ್ತಾರೆ ರಾಜೂ. ಗಂಡ ಬಿಟ್ಟು ಹೋದ ಅಂತ ಬೋರ್ಡಿಗೆ ಹಾಕ್ತಾರೆ. ನನಗೆ ನಾಚಿಕೆ ಆಯ್ತು."

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ. "ಅವನು ಹೋದ ಅಂತ ಹೇಳೋಕೆ ನಾಚಿಕೆ ಆಯ್ತು. ನಾನು ಇದ್ದೀನಿ ಅಂತ ಹೇಳೋ ಆಸೆ ಅದಕ್ಕಿಂತ ದೊಡ್ಡದಾಗಲಿಲ್ಲ ನಿನಗೆ. ಹನ್ನೊಂದು ವರ್ಷ ಇಲ್ಲೇ ಹೊರಗೆ ಬಿದ್ದಿತ್ತು ಚೂಡಾ, ನೀನು ಒಂದು ಸಾಲು ಬರೀಲಿಲ್ಲ ಅಂತ."

ಅವನು ಬಗ್ಗಿ ಬೆತ್ತದ ಕಟ್ಟು ಎತ್ತಿಕೊಂಡು ತಿರುಗಿ ನೋಡದೆ ಹೋದ. ಕಾವಲಿನವನು ಗೇಟು ಹಾಕಿದ.

ಅದಾದ ಮೇಲೆ ಬಂದ ಹಬ್ಬಕ್ಕೆ ರಂಗನಾಯಕಮ್ಮನ ಅಂಗಡಿಗೆ ಹೋಗಿ, "ನನಗೇ ಒಂದು ಸೀರೆ ತೋರಿಸು" ಅಂದೆ. ಅವಳು ಎತ್ತಿಟ್ಟಿದ್ದನ್ನು ಸುಮ್ಮನೆ ಮುಂದಿಟ್ಟಳು. ಈಗಲೂ ಅರ್ಜಿ ಬರೆಯುತ್ತೇನೆ. ಯಾರಾದರೂ 'ತಡೆ ಏನು?' ಅಂಕಣದ ಮುಂದೆ ಕೈ ತಡೆದು ಕೂತರೆ, ನನ್ನ ಕತೆಯನ್ನೇ ಹೇಳುತ್ತೇನೆ, ಮುಚ್ಚುಮರೆ ಇಲ್ಲ. ಕೆಲವರು ಕೇಳಿ ದಾರಿ ಕಲಂ ಬರೆಸುತ್ತಾರೆ. ಆ ದಾರಿ ಕಲಮಿನ ಅಜ್ಜಿ ಬಾಗಿಲಲ್ಲಿ ನಿಂತು "ಬಂದ್ರಾ?" ಅನ್ನುವುದು ಕೇಳಿಸಿದರೆ ಈಗ ನಗು ಬರುವುದಿಲ್ಲ, ಬೇರೆ ಬೀದಿಯಿಂದ ಸುತ್ತಿ ಹೋಗುತ್ತೇನೆ.

ಕಚೇರಿಯ ಕುರ್ಚಿಗಳು ಈಗಲೂ ಹೊರಗೆ ಅವನ ಕೈಗೇ ಹೋಗುತ್ತವೆ. ಮಂಗಳವಾರ ಕಿಟಕಿಗೆ ತಂದುಕೊಡುವವರು ಬೇರೆ ಯಾರೋ, ಅವನು ಬರುವುದಿಲ್ಲ. ಪ್ರತಿ ಕುರ್ಚಿಯನ್ನೂ ನಾನು ಬೋರಲು ಹಾಕಿ ನಾಲ್ಕು ಮೂಲೆಗೂ ಬೆರಳು ಹಾಕಿ ನೋಡುತ್ತೇನೆ. ಈಗ ಅವನಿಗೆ ಎಲ್ಲವೂ ನೆನಪಿದೆ. ಒಂದು ಎಳೆಯೂ ಸಡಿಲ ಇರುವುದಿಲ್ಲ.